ಕಾರಿನೊಳಗೊಂದು ಬಾವಿ ರಾಟೆ

ನಮ್ಮ ಹಳೆಯ ಕಾರಿಗೂ ನನಗೂ ಇದ್ದ ನಂಟು ಸಾಮಾನ್ಯದ್ದಲ್ಲ. 1983ರಲ್ಲಿ ತೀರ್ಥಹಳ್ಳಿಯಲ್ಲಿದ್ದಾಗ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ದುಡ್ಡು ಸಾಲದೆ, ತವರಿನಲ್ಲಿ ನನಗೆ ಹಾಕಿದ್ದ ಅವಲಕ್ಕಿ ಸರವನ್ನು ಮಾರಬೇಕಾಯಿತು. "ಎರಡೇ ವರ್ಷ, ಮತ್ತೆ ಮಾಡಿಸಿಕೊಡ್ತೀನಿ" ಅಂದರು ನಮ್ಮವರು. ಅವರು ವಕೀಲರು, ಮಾತಿಗೇನು ಬರವೇ? ಆ ಎರಡು ವರ್ಷ ಹನ್ನೊಂದಾಯಿತು, ಅದು ಬೇರೆ ಕಥೆ. ಅಂತೂ ಬಾಗಿಲ ಮುಂದೆ ನಿಂತದ್ದು ಊರವರಿಗೆ ಕಾರು, ನನಗೆ ನನ್ನ ಸರ. ಅದು ಕೆಮ್ಮಿದರೆ ನನ್ನ ಕೊರಳೇ ಕೆಮ್ಮಿದ ಹಾಗೆ.

1986ರ ಬೇಸಿಗೆಯಲ್ಲಿ ಅತ್ತೆಯವರ ಕಣ್ಣಿನ ಪೊರೆ ತೆಗೆಸಲು ಮಣಿಪಾಲಕ್ಕೆ ಹೋಗುವುದೆಂದಾಯಿತು. ದಾರಿ ಆಗುಂಬೆ ಘಾಟಿಯದು. ಹೊರಡಲು ಇನ್ನೆಂಟು ದಿನ ಇದೆ ಎನ್ನುವಾಗ ಕಾರಿನ ಮೂತಿಯೊಳಗಿಂದ ಒಂದು ಸದ್ದು ಶುರುವಾಯಿತು.

"ಏನ್ರೀ ಅದು, ಗೊರ ಗೊರ ಅಂತಿದೆ?"

"ಕಾರು ಅಂದ ಮೇಲೆ ಸದ್ದು ಇರುತ್ತಪ್ಪ."

"ಮೊನ್ನೆಯವರೆಗೆ ಇರಲಿಲ್ಲ."

"ಸಾಕ್ಷಿ?" ಎಂದು ನಕ್ಕುಬಿಟ್ಟರು.

ನೀವೇ ಹೇಳಿ, ನಮ್ಮ ಕಿವಿಗಿಂತ ಸಾಕ್ಷಿ ಬೇಕೆ? ಹಿತ್ತಲಲ್ಲಿ ಬಟ್ಟೆ ಒಗೆಯುತ್ತಲೇ ಕುಕ್ಕರಿನ ಕೂಗು ಎಣಿಸುತ್ತೇವೆ. ಮಿಕ್ಸಿ ತಿಣುಕಿದರೆ ಚಟ್ನಿಗೆ ನೀರು ಸಾಲದೆಂದು ತಿಳಿಯುತ್ತದೆ. ಇದನ್ನು ಯಾರೂ ವಿದ್ಯೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ.

ಬುಧವಾರ ಅತ್ತೆಯವರನ್ನು ನಾದಿನಿಯ ಮನೆಯಿಂದ ಕರೆತರುತ್ತಿದ್ದೆವು. ಪೊರೆ ಬಂದ ಕಣ್ಣು ಮುಚ್ಚಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ, "ಮಾರಾಯ, ನಿನ್ನ ಕಾರಿನೊಳಗೆ ಬಾವಿ ಉಂಟೇನೋ? ಎಣ್ಣೆ ಕಾಣದ ರಾಟೆ ತಿರುಗಿದ ಹಾಗೆ ಕೇಳ್ತದಲ್ಲ!" ಎಂದರು. ನಮ್ಮವರು ಮನೆ ತಲುಪುವವರೆಗೂ ನಕ್ಕರು. ನನಗೆ ನಗು ಬರಲಿಲ್ಲ. ಮರುದಿನ ಕಾಫಿ ಕೊಡುವಾಗ, "ಕಾರು ತೋರಿಸದಿದ್ದರೆ ನಾನೂ ಅತ್ತೆಯವರೂ ಬಸ್ಸಿನಲ್ಲಿ ಹೋಗ್ತೀವಿ" ಎಂದೆ. ಲೋಟ ಕೆಳಗಿಟ್ಟು ಹೊರಟರು. ನಾನೂ ಹಿಂದೆಯೇ ಹತ್ತಿದೆ.

ಗ್ಯಾರೇಜಿನ ಸಾಬರು ಬಾನೆಟ್ಟು ಎತ್ತುವ ಮೊದಲು ಡಾಕ್ಟರ ಹಾಗೆ ವಿಚಾರಿಸಿದರು. ಸದ್ದು ಬೆಳಗ್ಗೆ ತಣ್ಣಗಿರುವಾಗ ಬರುತ್ತದೋ, ಬಿಸಿಯಾದ ಮೇಲೋ? ನಿಂತಾಗಲೋ, ಓಡುವಾಗಲೋ? ನಮ್ಮವರು ತಡವರಿಸಿದರು. ನಾನು ಹೇಳಿದೆ: "ತಣ್ಣಗಿದ್ದರೂ ಬರುತ್ತೆ, ಬಿಸಿಯಾದರೂ ಬರುತ್ತೆ. ನಿಂತಿದ್ದಾಗಲೂ ಇದೆ. ಆಕ್ಸಿಲರೇಟರ್ ಒತ್ತಿದರೆ ಜೋರಾಗುತ್ತೆ."

"ಹಾಗಾದ್ರೆ ಚಕ್ರದ್ದಲ್ಲಮ್ಮ. ಚಕ್ರದ ಸದ್ದು ಗಾಡಿ ಓಡಿದ್ರೆ ಮಾತ್ರ" ಎಂದು ಅವರು ಇಂಜಿನ್ನು ಶುರುಮಾಡಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಅಲ್ಲಲ್ಲಿ ಕೇಳುತ್ತಾ ಹೋದರು. ನಾನು ಬಗ್ಗಿದಾಗ, "ಅಮ್ಮಾ, ಸೆರಗು! ಫ್ಯಾನ್ ಹತ್ತಿರ ಬರಬೇಡಿ" ಎಂದು ಗದರಿದರು. ಆಮೇಲೆ ಇಂಜಿನ್ನು ನಿಲ್ಲಿಸಿ, ಫ್ಯಾನ್ ಬೆಲ್ಟು ಬಿಚ್ಚಿ, ಅರೆ ನಿಮಿಷ ಮಾತ್ರ ಮತ್ತೆ ಓಡಿಸಿದರು. ಗೊರಗೊರ ಮಾಯ! ಅಂದರೆ ರೋಗ ಇಂಜಿನ್ನಿನ ಹೊಟ್ಟೆಯಲ್ಲಿಲ್ಲ, ಬೆಲ್ಟು ತಿರುಗಿಸುವ ಭಾಗಗಳಲ್ಲಿ. ನಿಂತ ಇಂಜಿನ್ನಿನಲ್ಲಿ ಡೈನಮೋ ತಿರುಗಿಸಿದರೆ ನಯವಾಗಿತ್ತು. ಫ್ಯಾನು ಹಿಡಿದು ಅಲ್ಲಾಡಿಸಿದರೆ ಹುಳುಕು ಹಲ್ಲಿನ ಹಾಗೆ ಆಡಿತು, ಅದರ ಬುಡದಲ್ಲಿ ತುಕ್ಕಿನ ನೀರು ಇಳಿದ ಗುರುತೂ ಇತ್ತು.

"ವಾಟರ್ ಪಂಪಿನ ಬೇರಿಂಗು. ಇಂಜಿನ್ನಿಗೆ ನೀರು ಸುತ್ತಿಸೋದು ಇದೇ."

ನೀರೆತ್ತುವ ರಾಟೆ! ನಾನು ನಮ್ಮವರ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಟೈರು ನೋಡುತ್ತಿದ್ದರು.

"ಇಳಿಯೋವಾಗ ಹೇಗೋ ಇಳಿದುಬಿಡ್ತಿದ್ರಿ ವಕೀಲರೇ. ಹತ್ತಿ ಬರೋವಾಗ ಇದು ಬಿಗಿದ್ರೆ ಬೆಲ್ಟು ಹರಿದು, ನೀರು ಕುದ್ದು, ಹೆಡ್ ಗ್ಯಾಸ್ಕೆಟ್ಟು ಹೋಗ್ತಿತ್ತು" ಎಂದರು ಸಾಬರು. ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕಿಯನ್ನು ಘಾಟಿಯ ನಡುವೆ ಇಳಿಸಿಕೊಂಡು ನಿಲ್ಲುವುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹೊಸ ಪಂಪು ಶಿವಮೊಗ್ಗದಿಂದ ಬರಲು ಎರಡು ದಿನ ಹಿಡಿಯಿತು. ಹಾಕಿಸಲು ಹೋದ ದಿನ ಮಿಕ್ಕ ಸದ್ದುಗಳನ್ನೂ ಕೇಳಿ ತಿಳಿದುಕೊಂಡೆ. ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಕೀರೆಂದು ಚೀರಿದರೆ ಬಹಳ ಸಲ ಬೆಲ್ಟು ಸಡಿಲ. ಇಂಜಿನ್ನು ನಿಲ್ಲಿಸಿ, ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ನಮ್ಮ ಕಾರಿನಲ್ಲಿ ಅರ್ಧ ಇಂಚು ತಗ್ಗಬೇಕು, ಹೆಚ್ಚಲ್ಲ. ಮೇಲ್ಭಾಗದಿಂದ ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್ ಬಂದರೆ ಮೊದಲು ಆಯಿಲ್ ನೋಡಿ, ಆಮೇಲೆ ಟ್ಯಾಪೆಟ್ಟಿನ ಸಂದು ಸರಿಮಾಡಿಸಬೇಕು. ಏರು ಹತ್ತುವಾಗ ಸಾಸಿವೆ ಸಿಡಿದಂತೆ ಚಿಟಚಿಟ ಅಂದರೆ ಗೇರು ಇಳಿಸಬೇಕು, ಆಗಲೂ ನಿಲ್ಲದಿದ್ದರೆ ಟೈಮಿಂಗು ತೋರಿಸಬೇಕು. ಆದರೆ ಕೆಳಗಿನಿಂದ ಒನಕೆಯಲ್ಲಿ ಕುಟ್ಟಿದ ಹಾಗೆ ಧಡ್ ಧಡ್ ಬಂತೋ, ಇಲ್ಲವೇ ಆಯಿಲ್ಲಿನ ಕೆಂಪು ದೀಪ ಹತ್ತಿತೋ, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ನು ಆರಿಸಬೇಕು. "ಮುಂದಿನ ಊರಿನವರೆಗೆ" ಎನ್ನಬಾರದು. ಈಗ ಮೊಮ್ಮಗನ ಕಾರಿನಲ್ಲಿ ಡೈನಮೋ ಇಲ್ಲ, ಎಲ್ಲಕ್ಕೂ ದೀಪ ಹತ್ತುತ್ತದೆ. ಆದರೂ ಬೇರಿಂಗು ಸವೆಯುವಾಗ ದೀಪಕ್ಕಿಂತ ಮೊದಲು ತಿಳಿಯುವುದು ಕಿವಿಗೇ.

ಮಣಿಪಾಲದಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಹಿಂತಿರುಗುವಾಗ ಘಾಟಿ ಹತ್ತುತ್ತಾ ಮೂವರೂ ಮಾತಿಲ್ಲದೆ ಸದ್ದಿಗೇ ಕಿವಿಗೊಟ್ಟಿದ್ದೆವು. ಏಳೋ ಎಂಟೋ ತಿರುವು ಕಳೆದ ಮೇಲೆ ಅತ್ತೆ ಪಟ್ಟಿಯ ಒಳಗಿನಿಂದಲೇ, "ರಾಟೆಗೆ ಎಣ್ಣೆ ಹಾಕ್ಸಿದಿರಿ, ಅಲ್ವಾ?" ಎಂದರು.

"ಹೌದಮ್ಮ, ಇವಳು ಹಟ ಹಿಡಿದು ಹಾಕ್ಸಿದಳು" ಎಂದರು ನಮ್ಮವರು.

ಘಾಟಿ ಮುಗಿದು ಆಗುಂಬೆಯಲ್ಲಿ ಕಾರು ನಿಲ್ಲಿಸಿದೆವು. ಅತ್ತೆಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ. ಇಂಜಿನ್ನು ಓಡುತ್ತಲೇ ಇತ್ತು. ನಮ್ಮವರು ಬಾನೆಟ್ಟು ಎತ್ತಿ, ತುಸು ಹೊತ್ತು ತಲೆ ಬಗ್ಗಿಸಿ ನಿಂತು, ನನ್ನನ್ನು ಕರೆದರು: "ಲೇ, ಸ್ವಲ್ಪ ಬಂದು ಕೇಳು. ಸೆರಗು ಸುತ್ತಿಕೋ."