ಗಂಡುಗಡಲಿನ ಮೇಲೆ

ರಾಮೇಶ್ವರಕ್ಕೆ ಹೋದವರು ದೇವಾಲಯದ 22 ತೀರ್ಥಗಳಲ್ಲಿ ಮೀಯುವರು. ನನಗೆ ಲಭಿಸಿದ ಸ್ನಾನಗಳಿಗೆ ಲೆಕ್ಕವಿಲ್ಲ. ಭಾರಿ ಗಾಳಿಪಟಕ್ಕೆ ಸೊಂಟ ಬಿಗಿದುಕೊಂಡು, ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಕೈಟ್‌ಬೋರ್ಡಿಂಗ್ ಆಟವನ್ನು ಅಭ್ಯಸಿಸಲು ಜುಲೈಯಲ್ಲಿ ಅಲ್ಲಿಗೆ ಹೋಗಿದ್ದೆ.

ಧನುಷ್ಕೋಟಿಯತ್ತ ಚಾಚಿದ ಮರಳದಿಣ್ಣೆಯ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಅಲ್ಲಿನವರಿಗೆ ಅದು ಹೆಣ್ಣುಗಡಲು, ಇದು ಗಂಡುಗಡಲು. ನೈಋತ್ಯದ ಗಾಳಿ ಬೀಸುವಾಗ ಮೊದಲನೆಯದು ಕನ್ನಡಿ. ಎರಡನೆಯದು ಆಗತಾನೆ ಉತ್ತ ಹೊಲ.

ಹಿಂದಿನ ದಿನ ಶಾಂತವಾದ ಹಿನ್ನೀರಿನಲ್ಲಿ ಬಾಣದಂತೆ ಓಡಿದ್ದ ನನ್ನ ಚಪ್ಪಟೆಯಾದ, ಬಿರುಸಾದ ಹಲಗೆ ಗಂಡುಗಡಲಿನಲ್ಲಿ ಅಲೆಯಲೆಗೂ ಬಡಿದು ಮಂಡಿಗಳನ್ನು ನಡುಗಿಸಿತು. ಮೂರನೆಯ ಸಲ ಬಿದ್ದಾಗ ಕಾಲಿನಿಂದ ಕಳಚಿಯೇ ಹೋಯಿತು. ಗಾಳಿಪಟ ನನ್ನನ್ನು ದರದರನೆ ಎಳೆದೊಯ್ದಿತು. 1964ರ ಡಿಸೆಂಬರಿನಲ್ಲಿ ಧನುಷ್ಕೋಟಿಯನ್ನು ನುಂಗಿದ್ದು ಇಲ್ಲಿಯ ಕಡಲೇ ಎಂಬುದು ಆಗಲೇ ನೆನಪಾಗಬೇಕೆ! ಹೇಗೋ ದಡ ಸೇರಿ, ಸುಡುವ ಮರಳಿನಲ್ಲಿ ಬಹುದೂರ ನಡೆದು ಹಿಂದಿರುಗಿದೆ.

ಕಲಿಸುವ ತಮಿಳು ತರುಣ ನಗಲಿಲ್ಲ, ಪುಣ್ಯವಂತ. ತುದಿಗಳು ಹೆಚ್ಚು ಮೇಲಕ್ಕೆ ಬಾಗಿದ, ತುಳಿದರೆ ಬಳುಕುವ ಬೇರೊಂದು ಹಲಗೆಯನ್ನು ಕೊಟ್ಟ. “ಮಂಡಿ ಮಡಿಸಿ ಸಾರ್, ಹಿಮ್ಮಡಿಯಿಂದ ಅಂಚನ್ನು ಒತ್ತಿ” ಎಂದ. ವೇಗ ತುಸು ಕಡಿಮೆ. ಆದರೆ ಹಲಗೆ ಅಲೆಗಳ ನೆತ್ತಿಯನ್ನು ಬಡಿಯದೆ ಸವರಿಕೊಂಡು ಸಾಗಿತು. ಅಂದು ಸಂಜೆ ಗಾಳಿಗೆ ಓರೆಯಾಗಿ ಏರಿ ಬಂದು, ಹೊರಟ ಜಾಗದಲ್ಲಿಯೇ ಇಳಿದೆ. ಮಂಡಿಗಳು ಮಾತ್ರ ರಾತ್ರಿಯಿಡೀ ನಡುಗುತ್ತಿದ್ದವು.