ಡಾಂಬರಿಗೆ ಚಳಿ ಹಿಡಿಸಿದ್ದು

ಅಪ್ಪ ಇಂಗ್ಲೆಂಡಿಗೆ ಬಂದದ್ದು ಮೊಮ್ಮಗಳ ಮುಖ ನೋಡಲು. ಶೆಫೀಲ್ಡಿನ ಆ ಚಳಿಗಾಲದಲ್ಲಿ ಅವರು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ನಮ್ಮ ಗರಾಜಿನಲ್ಲಿ ರಾಶಿ ಬಿದ್ದಿದ್ದ ಮರದ ತುಂಡುಗಳ ತಳವನ್ನು.

ಮುಂದಿನ ಕೋಣೆಯ ನೆಲಕ್ಕೆಂದು ಆ ತುಂಡುಗಳನ್ನು ಹಳೇ ಮರಮುಟ್ಟು ಮಾರುವ ಯಾರ್ಡಿನಿಂದ ತಂದಿದ್ದೆವು. ಕೆಡವಿದ ಯಾವುದೋ ಶಾಲೆಯ ಹಾಲಿನ ನೆಲವಂತೆ. 9 ಇಂಚು ಉದ್ದ, 3 ಇಂಚು ಅಗಲ, 1 ಇಂಚು ದಪ್ಪ. ಇಲ್ಲಿನ ಹಳೆಯ ಶಾಲೆ, ಆಸ್ಪತ್ರೆ, ಚರ್ಚಿನ ಹಾಲುಗಳಲ್ಲಿ ಕಾಂಕ್ರೀಟಿನ ಮೇಲೆ ಬಿಸಿ ಡಾಂಬರು ಹರಡಿ, ಅದರಲ್ಲಿ ಇಂಥ ತುಂಡುಗಳನ್ನು ಓರೆಓರೆಯಾಗಿ ಹೆಣೆದು ಕೂರಿಸುತ್ತಿದ್ದರು. ಡಾಂಬರು ಅಂಟಿನ ಕೆಲಸವನ್ನೂ ಮಾಡುತ್ತಿತ್ತು, ತೇವ ಮೇಲೇರದಂತೆ ತಡೆಯುತ್ತಲೂ ಇತ್ತು. ನಮ್ಮ ತುಂಡುಗಳ ಮೇಲ್ಮೈಯಲ್ಲಿ ಮೇಣ, ಅಲ್ಲಲ್ಲಿ ಬ್ಯಾಡ್ಮಿಂಟನ್ ಅಂಕಣದ ಬಿಳಿ ಗೆರೆಯ ಚೂರು. ತಳದಲ್ಲಿ ಮಾತ್ರ ಕರ್ರಗೆ, ಕಲ್ಲಿನಂತೆ ಗಟ್ಟಿಯಾಗಿ ಕೂತ ಡಾಂಬರು.

ಯಾರ್ಡಿನವನು ಇದು ತೇಗ ಅಂದಿದ್ದ. ಅಪ್ಪ ಒಂದನ್ನು ಕೈಗೆತ್ತಿಕೊಂಡು, ಉಗುರಲ್ಲಿ ಕೆರೆದು, ಮೂಸಿ, "ಯಾವ ತೇಗ ಮಗಾ ಇದು? ತೇಗದ ವಾಸನೆ ನಂಗೊತ್ತಿಲ್ವಾ?" ಅಂದರು. ಅವರು ಹೇಳಿದ್ದೇ ಸರಿ. ಅದು ಇರೋಕೊ, ಪಶ್ಚಿಮ ಆಫ್ರಿಕದ ಕಡೆಯ ಮರ. ವ್ಯಾಪಾರದ ಬಾಯಲ್ಲಿ ಆಫ್ರಿಕನ್ ತೇಗ ಆಗಿಬಿಡುತ್ತದೆ. ಮರವೇನೋ ಒಳ್ಳೆಯದೇ, ಧೂಳು ಮಾತ್ರ ಮೂಗಿಗೂ ಚರ್ಮಕ್ಕೂ ಆಗಿಬರದು.

ಧೂಳಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಉಳಿ ಮುಟ್ಟುವ ಮೊದಲು ಆ ಕಪ್ಪು ಚೂರೊಂದನ್ನು ಪರೀಕ್ಷೆಗೆ ಕಳಿಸಿದ್ದೆವು. ಹಿಂದೆ ನೆಲಕ್ಕೆ ಬಳಸಿದ ಕೆಲವು ಡಾಂಬರಿನ ಅಂಟುಗಳಲ್ಲಿ ಆಸ್ಬೆಸ್ಟಾಸ್ ನಾರು ಬೆರೆಸಿರುತ್ತಿದ್ದರು; ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಇನ್ನು ಕಪ್ಪಗಿರುವುದೆಲ್ಲ ಒಂದೇ ಅಲ್ಲ. ಪೆಟ್ರೋಲಿಯಂನಿಂದ ಬಂದ ಬಿಟುಮೆನ್ ಒಂದು, ಕಲ್ಲಿದ್ದಲಿನಿಂದ ಇಳಿಸಿದ ಟಾರು ಇನ್ನೊಂದು. ಎರಡನೆಯದು ಕ್ಯಾನ್ಸರ್ ತರಬಲ್ಲದು. ನಮ್ಮ ಚೂರಿನಲ್ಲಿ ನಾರಿಲ್ಲ, ಅದು ಬರೀ ಬಿಟುಮೆನ್ ಎಂದು ವರದಿ ಬರುವ ತನಕ ಅಪ್ಪ ಗರಾಜಿನ ಬಾಗಿಲಲ್ಲಿ ಕೈಕಟ್ಟಿ ನಿಂತು ಗೊಣಗುತ್ತಿದ್ದರು. ಅವರು ಪಿಡಬ್ಲ್ಯುಡಿಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದವರು. ಹಾಸನ ಜಿಲ್ಲೆಯ ರಸ್ತೆಗಳ ಮೇಲೆ ಡಾಂಬರಿನ ಡ್ರಮ್ಮಿಗೆ ಬೆಂಕಿ ಹಾಕಿಸುತ್ತಲೇ ಸರ್ವೀಸು ಮುಗಿಸಿದವರು. ಡಾಂಬರಿಗೆ ಟೆಸ್ಟಾ ಅಂತ ಅವರಿಗೆ ನಗು.

ವರದಿ ಬಂದ ಶನಿವಾರ ನಮ್ಮ ಯಜಮಾನರು ಹಾಟ್ ಏರ್ ಗನ್ ತಂದರು. ಬಿಸಿ ಗಾಳಿ ತಾಗಿದ್ದೇ ತಡ, ಡಾಂಬರು ಮೆತ್ತಗಾಗಿ ಉಳಿಗೆ, ಬೆರಳಿಗೆ, ಅಲ್ಲಿಂದ ಬಾಗಿಲ ಹಿಡಿಗೆ ಅಂಟಿತು. ಸ್ಯಾಂಡಿಂಗ್ ಮೆಷಿನ್ನಿನ ಉಜ್ಜುಪಟ್ಟಿ ನಿಮಿಷದಲ್ಲೇ ಕಪ್ಪು ಮೆತ್ತಿಕೊಂಡು ನುಣ್ಣಗಾಯಿತು. ಸೀಮೆಎಣ್ಣೆ ಹಚ್ಚೋಣವೇ ಎಂದಾಗ ಅಪ್ಪ ತಡೆದರು. "ಸೀಮೆಎಣ್ಣೆ ಕಾಲು ತೊಳ್ಕೊಳೋಕೆ ಸರಿ. ಮರಕ್ಕೆ ಹಾಕಿದ್ರೆ ಕರಗಿದ್ದೆಲ್ಲ ಒಳಕ್ಕೆ ಇಳೀತದೆ, ಆಮೇಲೆ ಯಾವ ಅಂಟು ಹಿಡೀತದೆ?" ಅದೂ ನಿಜ. ಎಷ್ಟೋ ಹೊಸ ಅಂಟುಗಳು ಡಾಂಬರಿನ ಪಸೆಯ ಮೇಲೆ ನಿಲ್ಲುವುದಿಲ್ಲ. ಅಷ್ಟು ಕಷ್ಟಪಟ್ಟು ಕೆರೆಯುವುದೇ ಅದಕ್ಕಾಗಿ.

ಮಾರನೆಯ ಬೆಳಿಗ್ಗೆ ಹಿಮ ಬಿದ್ದಿರಲಿಲ್ಲ, ಆದರೆ ನೀರಿನ ಬಕೆಟ್ಟಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಅಪ್ಪ ಮಂಕಿ ಕ್ಯಾಪು, ಅದರ ಮೇಲೆ ಶಾಲು, ಎರಡು ಸ್ವೆಟರು ಹಾಕಿಕೊಂಡು ಹಿತ್ತಲಿಗೆ ಹೋದವರು, ರಾತ್ರಿ ಹೊರಗೇ ಉಳಿದಿದ್ದ ತುಂಡೊಂದರ ಅಂಚಿಗೆ ಅಗಲ ಉಳಿಯಿಟ್ಟು ಸುತ್ತಿಗೆಯಿಂದ ಫಟ್ಟೆಂದು ಒಂದೇಟು ಕೊಟ್ಟರು. ಡಾಂಬರು ಕಡಲೆ ಚಿಕ್ಕಿಯಂತೆ ಮುರಿದು ಹಾರಿತು. ಇನ್ನೊಂದೇಟಿಗೆ ಅರ್ಧ ತಳವೇ ಬೋಳಾಯಿತು. ಅದರಡಿ ಹೊಂಬಣ್ಣದ ಮರ.

"ಬಿಸಿ ಮಾಡಿದ್ರೆ ಅದು ನಿಮ್ಮ ಮಾತು ಕೇಳಲ್ಲ. ಚಳಿ ಹಿಡಿಸ್ಬೇಕು. ಮೆಲ್ಲಗೆ ಒತ್ಬಾರ್ದು, ಥಟ್ ಅಂತ ಹೊಡೀಬೇಕು" ಅಂದರು. ಜೀವಮಾನವಿಡೀ ಡಾಂಬರು ಕಾಯಿಸಿದ ಮನುಷ್ಯನ ಬಾಯಲ್ಲಿ ಈ ಮಾತು!

ಭೌತಶಾಸ್ತ್ರ ಹೇಳಿಕೊಡುವ ನಮ್ಮ ಯಜಮಾನರಿಗೆ ಇಷ್ಟು ಸಾಕಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕಥೆ ತೆಗೆದರು. 1927ರಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು ಡಾಂಬರಿನ ಜಾತಿಯದೇ ಆದ ಪಿಚ್ ಅನ್ನು ಕಾಯಿಸಿ ಗಾಜಿನ ಆಲಿಕೆಗೆ ಹೊಯ್ದರು. ಸುತ್ತಿಗೆಗೆ ಪುಡಿಯಾಗುವ ಆ ವಸ್ತು ಬಿಟ್ಟರೆ ತಾನೇ ಹರಿಯುತ್ತದೆ ಎಂದು ಹುಡುಗರಿಗೆ ತೋರಿಸುವುದು ಅವರ ಉದ್ದೇಶ. 2014ರ ಹೊತ್ತಿಗೆ ಬಿದ್ದದ್ದು ಒಂಬತ್ತೇ ಹನಿ. ಪಾರ್ನೆಲ್ ನಂತರ ಅದನ್ನು ದಶಕಗಟ್ಟಲೆ ಕಾದ ಜಾನ್ ಮೇನ್‌ಸ್ಟೋನ್ ಅವರಿಗೆ ಒಂದು ಹನಿಯೂ ಕಣ್ಣೆದುರು ಬೀಳಲಿಲ್ಲ. 2000ದಲ್ಲಿ ಎಂಟನೆಯದು ಬಿದ್ದಾಗ ಕ್ಯಾಮೆರಾ ಕೈಕೊಟ್ಟಿತ್ತು.

ಅಪ್ಪ ಸುತ್ತಿಗೆ ಕೆಳಗಿಡದೆ ಎಲ್ಲ ಕೇಳಿದರು. "ಪಾಪ, ಅಷ್ಟು ವರ್ಷ ಯಾಕೆ ಕಾಯ್ಬೇಕಿತ್ತು? ಏಪ್ರಿಲ್‌ನಲ್ಲಿ ಅರಸೀಕೆರೆ ರೋಡಿಗೆ ಬಂದಿದ್ರೆ ಮಧ್ಯಾಹ್ನಕ್ಕೇ ತೋರಿಸ್ತಿದ್ದೆ."

ಅಲ್ಲಿಂದಾಚೆ ಗರಾಜು ಅವರದೇ ಸೈಟು. ನಮಗೆಲ್ಲ ಮಾಸ್ಕು, ಕನ್ನಡಕ ಕಡ್ಡಾಯ. ಹಾರುವ ಚೂರು ಕಣ್ಣಿಗೆ ಬಿದ್ದರೆ ಗತಿಯೇನು? ರಾತ್ರಿ ತುಂಡುಗಳನ್ನು ಹಿತ್ತಲಲ್ಲಿ ಹರಡುವುದು, ಮಳೆ ತಾಗದಂತೆ ಟಾರ್ಪಾಲು ಹೊದಿಸುವುದು, ಬೆಳಗ್ಗೆ ಬಿಸಿಲೇರುವ ಮೊದಲು ಹೊಡೆಯುವುದು. ಚಳಿ ಸಡಿಲಿದ ದಿನ ಫ್ರೀಜರಿನಿಂದ ಬಟಾಣಿ, ಮೀನು ಎಲ್ಲ ಹೊರಬಂದು ಅಲ್ಲಿ ಪ್ಲಾಸ್ಟಿಕ್ ಸುತ್ತಿದ ಇರೋಕೊ ಕೂತಿತು. ನಾನು ಸಿಡುಕಿದ್ದಕ್ಕೆ "ಬಟಾಣಿ ತಿಂದ್ಬಿಡೋಣ, ಬಿಡು" ಎಂಬ ಪರಿಹಾರ ಬಂತು. ತುಂಡುಗಳ ಬದಿಯ ತೋಡಿನಲ್ಲಿ ಹೊಕ್ಕಿದ್ದ ಡಾಂಬರನ್ನು ಕೆತ್ತುವುದು ಎಲ್ಲಕ್ಕಿಂತ ಪೀಡೆ. ಅಲ್ಲಿ ಒಂದು ಹರಳು ಉಳಿದರೂ ಪಕ್ಕದ ತುಂಡು ಕೂರುವುದಿಲ್ಲ, ಹತ್ತು ಸಾಲು ದಾಟುವಷ್ಟರಲ್ಲಿ ಇಡೀ ಹೆಣಿಗೆ ಸೊಟ್ಟ.

ನೆಲ ಹಾಕುವ ಕೆಲಸ ಬೇಗ ಮುಗಿಯಿತು. ಅದಕ್ಕೂ ಮೊದಲು ತುಂಡುಗಳನ್ನು ಕೆಲವು ವಾರ ಕೋಣೆಯೊಳಗೇ ಪೇರಿಸಿಟ್ಟು, ಮನೆಯ ಬಿಸುಪಿಗೆ ಒಗ್ಗಿಸಿದ್ದೆವು. ಡಾಂಬರಿನ ಕಲೆಯನ್ನು ತಡೆದುಕೊಳ್ಳುವ ಅಂಟನ್ನೇ ಹುಡುಕಿ ತಂದೆವು. ಮರ ಹಿಗ್ಗಿದರೆ ಜಾಗ ಬೇಕೆಂದು ಗೋಡೆಯಂಚಿಗೆ ಕಾರ್ಕ್ ಪಟ್ಟಿ ಬಿಟ್ಟೆವು. ಬಿಳಿ ಗೆರೆಯ ತುಂಡುಗಳನ್ನು ಉಜ್ಜಿ ತೆಗೆಯುವುದಕ್ಕೆ ನನ್ನ ಮಗಳು ಬಿಡಲಿಲ್ಲ. ಈಗ ಅವು ದಿಕ್ಕುದೆಸೆಯಿಲ್ಲದೆ ಕೋಣೆ ತುಂಬ ಚೆದುರಿವೆ. ಆ ಅಂಕಣದಲ್ಲಿ ಯಾರೂ ಆಡಲಾರರು.

ಉಳಿದದ್ದು ಡಾಂಬರಿನ ಚೂರು, ದಪ್ಪ ಚೀಲಗಳ ತುಂಬ. ಅದನ್ನು ಕಸದ ಕೇಂದ್ರಕ್ಕೆ ಕೊಂಡೊಯ್ಯುವ ದಿನ ಅಪ್ಪ ಮುಖ ಕಿವುಚಿದರು. ನಮ್ಮ ಗೇಟಿನೆದುರಿನ ರಸ್ತೆಯಲ್ಲಿ ಒಂದು ಗುಂಡಿಯಿತ್ತು, ಬಂದ ದಿನದಿಂದ ಅವರ ಕಣ್ಣು ಅದರ ಮೇಲೆ. "ಒಂದು ಹಳೇ ತಗಡಿನ ಡಬ್ಬ, ಎರಡು ಬುಟ್ಟಿ ಜಲ್ಲಿ ಕೊಡ್ಸು ಮಗಾ, ಅರ್ಧ ಗಂಟೆಲಿ ಮುಚ್ತೀನಿ." ಇಲ್ಲಿ ಹಾಗೆಲ್ಲ ರಸ್ತೆಗೆ ಕೈಹಾಕುವಂತಿಲ್ಲ, ಕೌನ್ಸಿಲಿನವರೇ ಬರಬೇಕು ಅಂದೆ. ಯಾವಾಗ ಬರ್ತಾರೆ ಅಂತ ಕೇಳಿದರು. ದೂರು ಕೊಟ್ಟು ತಿಂಗಳುಗಳಾಗಿವೆ ಅಂದೆ.

"ಹಾಗಾದ್ರೆ ಪಿಡಬ್ಲ್ಯುಡಿ ಇಲ್ಲೂ ಇದೆ ಅನ್ನು" ಎಂದು ಅಪ್ಪ ಖುಷಿಯಾಗಿ ಕಾರು ಹತ್ತಿದರು.