ನ್ಯಾಶ್‌ವಿಲ್ಲಿನ ಹಿರಿಯರು ಮತ್ತು ನಮ್ಮೂರ ಭಜನೆ

ಕಂಟ್ರಿ ಸಂಗೀತವೆಂದರೆ ಅಗಲ ಅಂಚಿನ ಟೊಪ್ಪಿಗೆ, ಕುದುರೆ, ಮದ್ಯದಂಗಡಿ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಚಲನಚಿತ್ರಗಳು ಬಿತ್ತಿದ ಭಾವನೆ ಅದು. ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ಬಡ ರೈತರೂ ಗಣಿ ಕಾರ್ಮಿಕರೂ ಮನೆಯ ಜಗುಲಿಯಲ್ಲಿ, ಚರ್ಚಿನಲ್ಲಿ ಹಾಡಿಕೊಂಡು ಬಂದ ಹಾಡುಗಳಲ್ಲಿ ಅದರ ಬೇರಿದೆ. ಆ ಬೇರನ್ನು ಒಂದೇ ಕಡೆ ಕಾಣಬಯಸುವವರಿಗೆ ನಾನು ಸೂಚಿಸುವ ಆಲ್ಬಮ್ 'ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್'. 1972ರಲ್ಲಿ ಮೂರು ಎಲ್.ಪಿ. ತಟ್ಟೆಗಳಾಗಿ ಅದು ಹೊರಬಂದಿತು. ಟೆನೆಸ್ಸಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಊರಿಗೆ ಬಂದಾಗ ಅದರ ಸಿ.ಡಿ. ತಂದುಕೊಟ್ಟಿದ್ದ. "ಸಾರ್, ಇದು ನಿಮಗೆ ಹಿಡಿಸುತ್ತದೆ. ಇದರಲ್ಲಿ ಹಾಡಿನ ನಡುವೆ ಮುದುಕರು ಮಾತನಾಡುತ್ತಾರೆ" ಎಂದಿದ್ದ. ಮೇಷ್ಟರ ದೌರ್ಬಲ್ಯ ಶಿಷ್ಯರಿಗೆ ಗೊತ್ತಿರುತ್ತದೆ! ಈ ಸಲದ ಶ್ರಾವಣದಲ್ಲಿ ಅದನ್ನು ಮತ್ತೆ ಮತ್ತೆ ಕೇಳಿದೆ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಮೊದಲು ಆಲ್ಬಮ್ಮಿನ ಕಥೆ. ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್ ಎಂಬುದು 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಹುಡುಗರ ತಂಡ. ಉದ್ದ ಕೂದಲು, ಗಡ್ಡ. ವಿಯೆಟ್ನಾಂ ಯುದ್ಧದ ಕಾಲ; ಅಮೆರಿಕದಲ್ಲಿ ಕೂದಲಿನ ಉದ್ದವನ್ನು ಕಂಡೇ ಮನುಷ್ಯನ ಪಕ್ಷವನ್ನು ಗೊತ್ತುಮಾಡುತ್ತಿದ್ದ ದಿನಗಳು. ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್ ಸಂಪ್ರದಾಯಸ್ಥರ ಊರು. ಅಂಥ ಹುಡುಗರು ಬ್ಯಾಂಜೊ ವಾದನದ ಮಹಾನ್ ಗುರು ಅರ್ಲ್ ಸ್ಕ್ರಗ್ಸ್ ಅವರನ್ನು ಕಂಡು, ನಮ್ಮೊಡನೆ ನುಡಿಸುವಿರಾ ಎಂದು ಕೇಳಿದರು. ಅವರು ಒಪ್ಪಿದರು. ಒಬ್ಬರು ಒಪ್ಪಿದ ಮೇಲೆ ಇನ್ನೊಬ್ಬರು: ಅಂಧ ಗಿಟಾರ್ ವಾದಕ ಡಾಕ್ ವಾಟ್ಸನ್, ಮರ್ಲ್ ಟ್ರಾವಿಸ್, ಜಿಮ್ಮಿ ಮಾರ್ಟಿನ್, ಎಲ್ಲರಿಂದಲೂ 'ಮದರ್' ಎಂದು ಕರೆಸಿಕೊಳ್ಳುತ್ತಿದ್ದ 62ರ ಮೇಬೆಲ್ ಕಾರ್ಟರ್. ಬ್ಲೂಗ್ರಾಸ್ ಶೈಲಿಯ ಪಿತಾಮಹರೆನಿಸಿದ ಬಿಲ್ ಮನ್ರೋ ಮಾತ್ರ ಬರಲೊಪ್ಪಲಿಲ್ಲ. 1971ರ ಆಗಸ್ಟಿನಲ್ಲಿ ನ್ಯಾಶ್‌ವಿಲ್ಲಿನ ವುಡ್‌ಲ್ಯಾಂಡ್ ಸ್ಟುಡಿಯೋದಲ್ಲಿ ಎಲ್ಲರೂ ಎದುರುಬದುರಾಗಿ ಕುಳಿತು ಕೆಲವೇ ದಿನಗಳಲ್ಲಿ ಧ್ವನಿಮುದ್ರಣ ಮುಗಿಸಿದರು.

ಹಾಡುಗಳ ನಡುವಿನ ಮಾತನ್ನೂ ಅಳಿಸದೆ ಉಳಿಸಿದ್ದಾರಲ್ಲ, ಅದೇ ನನಗೆ ಈ ಆಲ್ಬಮ್ಮಿನ ತಿರುಳು. ಯಾವ ಶ್ರುತಿ, ಯಾರು ಮೊದಲು, ಎಲ್ಲಿ ನಿಲ್ಲಿಸುವುದು ಎಂಬ ಚರ್ಚೆ ಕೇಳಿಸುತ್ತದೆ. ಡಾಕ್ ವಾಟ್ಸನ್ ಮತ್ತು ಮರ್ಲ್ ಟ್ರಾವಿಸ್ ಜೀವನದಲ್ಲಿ ಮೊದಲ ಬಾರಿ ಭೇಟಿಯಾದದ್ದು ಅಲ್ಲಿಯೇ. ಡಾಕ್ ತಮ್ಮ ಮಗನಿಗೆ ಮರ್ಲ್ ಎಂದು ಹೆಸರಿಟ್ಟದ್ದು ಇವರ ನೆನಪಿಗಾಗಿ. ಆ ಕೈಚಳಕ ಮಗನಿಗೂ ಸ್ವಲ್ಪ ಅಂಟಲಿ ಎಂಬ ಆಸೆಯಿಂದ. ಆ ಮಾತನ್ನು ಟ್ರಾವಿಸ್ ಅವರೆದುರೇ ಸಂಕೋಚದಿಂದ ಹೇಳುವುದನ್ನು ಕೇಳಬೇಕು. ಕಣ್ಣು ಕಾಣದವರೊಬ್ಬರು ರೇಡಿಯೋದಲ್ಲಿ ಕೇಳಿ ಗುರುವೆಂದುಕೊಂಡವರನ್ನು ಕೊನೆಗೂ ಮುಟ್ಟಿ ಮಾತನಾಡಿಸುವ ಗಳಿಗೆ! ಇನ್ನು, ನ್ಯಾಶ್‌ವಿಲ್ಲಿನ ಹಿರಿಯಣ್ಣ ರಾಯ್ ಏಕಫ್. ಈ ಗಡ್ಡದವರ ವಿಷಯದಲ್ಲಿ ಅವರಿಗೆ ಅನುಮಾನವಿತ್ತು. ಮುದ್ರಿತವಾದುದನ್ನು ಮೊದಲು ಕೇಳಿ, ಇದು ಕಂಟ್ರಿಯೇ ಎಂದು ಒಪ್ಪಿ ಆಮೇಲೆ ಹಾಡಲು ನಿಂತರು. ನಿಂತವರು ಹುಡುಗರಿಗೊಂದು ಪಾಠವನ್ನೂ ಹೇಳುತ್ತಾರೆ: ಮೊದಲ ಸಲವೇ ಮನಸ್ಸಿಟ್ಟು ಹಾಡಿಬಿಡಬೇಕು, ಮತ್ತೆ ಮತ್ತೆ ಹಾಡಿದಂತೆ ಏನೋ ಒಂದಿಷ್ಟು ಸೋರಿಹೋಗುತ್ತದೆ ಎಂದು. ನಲವತ್ತು ನಿಮಿಷದ ತರಗತಿಗೆ ಇದಕ್ಕಿಂತ ಉತ್ತಮ ಬುದ್ಧಿಮಾತನ್ನು ನಾನು ತರಬೇತಿ ಕಾಲೇಜಿನಲ್ಲಿಯೂ ಕೇಳಲಿಲ್ಲ.

ಮೇಬೆಲ್ ಅವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1927ರ ಆಗಸ್ಟ್ 1 ಮತ್ತು 2ರಂದು ಟೆನೆಸ್ಸಿ–ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ಕಾರ್ಟರ್ ಕುಟುಂಬದ ಮೂವರು ವಿಕ್ಟರ್ ಕಂಪನಿಗಾಗಿ ಆರು ಹಾಡು ಹಾಡಿದರು. ಮೇಬೆಲ್ ಅವರಿಗೆ ಆಗ 18 ವರ್ಷ, ತುಂಬು ಬಸುರಿ. ಗಿಟಾರಿನ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ಹಾಡಿನ ಧಾಟಿಯನ್ನು ನುಡಿಸುತ್ತಲೇ ಉಳಿದ ಬೆರಳಿನಿಂದ ಸಣ್ಣ ತಂತಿಗಳ ಮೇಲೆ ಲಯ ಸವರುವುದು ಅವರ ಕ್ರಮ. ಅದುವರೆಗೆ ಹಿಂದೆ ಕುಳಿತು ತಾಳ ಹಾಕುತ್ತಿದ್ದ ವಾದ್ಯ ಅವರ ಕೈಯಲ್ಲಿ ಮುಂದೆ ಬಂದು ಹಾಡತೊಡಗಿತು. ಅವರ ಭಾವ ಎ.ಪಿ. ಕಾರ್ಟರ್ ಹಳೆಯ ಹಾಡುಗಳನ್ನು ಅರಸುತ್ತ ಊರೂರು ಅಲೆಯುವಾಗ ಜೊತೆಗೆ ಹೋಗುತ್ತಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕ. ಇವರು ಪದ ಬರೆದುಕೊಂಡರೆ ಅವರು ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದರು. ಬ್ಯಾಂಜೊ ಕೂಡ (ನಮ್ಮ ವಾದ್ಯಗೋಷ್ಠಿಗಳಲ್ಲಿ ಗುಂಡಿ ಒತ್ತಿ ನುಡಿಸುವ ಬ್ಯಾಂಜೊ ಅಲ್ಲ; ಚರ್ಮ ಬಿಗಿದ ಬಳೆಗೆ ಉದ್ದ ಕತ್ತು ಕೂಡಿಸಿದ ವಾದ್ಯ) ಆಫ್ರಿಕದಿಂದ ಗುಲಾಮರಾಗಿ ಬಂದವರ ಕೈಯಿಂದ ಬೆಟ್ಟದ ಬಿಳಿಯರ ಕೈಗೆ ದಾಟಿದ್ದು. ಅಪ್ಪಟ, ಶುದ್ಧ, ಪರಂಪರಾಗತ ಎಂದು ನಾವು ಕರೆಯುವುದರ ಒಳಗೆ ಎಷ್ಟು ಜನರ ಉಸಿರಿದೆ ನೋಡಿ.

ಇದರಲ್ಲಿನ ಒಂದು ಹಾಡನ್ನು ಮಾತ್ರ ನಾನು ಬೇರೆ ಕೆಲಸ ಮಾಡುತ್ತ ಕೇಳಲಾರೆ. ಮರ್ಲ್ ಟ್ರಾವಿಸ್ ಅವರೇ ರಚಿಸಿ ಹಾಡಿದ 'ಡಾರ್ಕ್ ಆ್ಯಸ್ ಎ ಡಂಜನ್'. ಕೆಂಟಕಿಯ ಕಲ್ಲಿದ್ದಲು ಗಣಿಯ ಕಾರ್ಮಿಕನ ಮಗ ಅವರು. ಮಳೆಯೂ ಬಿಸಿಲೂ ಇಲ್ಲದ ಆ ಕತ್ತಲೆಯ ಕಡೆ ಸುಳಿಯಬೇಡಿರೆಂದು ಎಳೆಯರಿಗೆ ಹೇಳುವ ಹಾಡು ಅದು. ಕೋಲಾರ ಚಿನ್ನದ ಗಣಿಯ ಸೀಮೆಯಲ್ಲಿ ನಾನು ಪಾಠ ಹೇಳಿದ ವರ್ಷಗಳಲ್ಲಿ ಪಾಳಿಯ ಸೈರನ್ ಕೇಳಿದೊಡನೆ ಕೆಲವು ಮಕ್ಕಳ ಕತ್ತು ತಾನಾಗಿ ಕಿಟಕಿಯ ಕಡೆ ತಿರುಗುತ್ತಿತ್ತು. ಅಪ್ಪಂದಿರು ಇಳಿಯುತ್ತಿದ್ದ ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಗಣಿ 2001ರಲ್ಲಿ ಮುಚ್ಚಿತು. ಧೂಳು ಎದೆಯೊಳಗೆ ಉಳಿದವರ ಕೆಮ್ಮು ಮುಚ್ಚಲಿಲ್ಲ. ಟ್ರಾವಿಸ್ ಈ ಹಾಡನ್ನು ಅಳುಬುರುಕು ದನಿಯಲ್ಲಿ ಹಾಡುವುದಿಲ್ಲ. ಪಕ್ಕದ ಮನೆಯವರಿಗೆ ದಾರಿ ಹೇಳುವಂತೆ, ಸಮಾಧಾನವಾಗಿ ಹೇಳಿ ಮುಗಿಸುತ್ತಾರೆ. ಆ ಮಕ್ಕಳಲ್ಲಿ ಕೆಲವರು ಈಗ ಐವತ್ತು ದಾಟಿ ಇದನ್ನು ಓದುತ್ತಿದ್ದೀರಿ. ನೀವೂ ಒಮ್ಮೆ ಕೇಳಿ.

ಈಗ ನಮ್ಮೂರ ವಿಷಯ. ಕೈವಾರ ತಾತಯ್ಯನವರ ಪದಗಳನ್ನು ಹಾಡುವ ನಮ್ಮ ಭಜನೆ ಗುಂಪನ್ನು ಅಣ್ಣಯ್ಯ ಎಷ್ಟು ವರ್ಷ ಎಳೆದುಕೊಂಡು ಬಂದನೆಂಬುದು ಬಂಧುಗಳಿಗೆಲ್ಲ ತಿಳಿದದ್ದೇ. ಊರಿನಲ್ಲಿ ಯಾರೇ ಕಾಲವಾಗಲಿ, ಹೆಣದ ಮುಂದೆ ತಾಳ ಹಿಡಿದು ನಡೆಯುತ್ತಿದ್ದವನು ಅವನು. ಈ ವರ್ಷ ಅವನನ್ನು ಹೊತ್ತು ನಡೆದ ದಿನ ಮುಂದೆ ಹಾಡಲು ಇದ್ದವರು ನಾಲ್ಕೇ ಜನ. ಅದರಲ್ಲಿ ಇಬ್ಬರಿಗೆ ಉಬ್ಬಸ. ಆ ಸಂಜೆಯೇ ಹುಡುಗರು ಕೆಲವರು ಬಂದು ನಾವೂ ಕಲಿಯುತ್ತೇವೆ ಎಂದರು. ಸಂತೋಷ. ಶ್ರಾವಣದ ಮೊದಲ ಶನಿವಾರ ಕೀಬೋರ್ಡ್ ಹೊತ್ತು ತಂದರು. ಅದು ಒಳಗೆ ಬಂದರೆ ನಾವು ಹೊರಗೆ ಎಂದು ಹಿರಿಯರು ಎದ್ದುನಿಂತರು. ಅಂದಿನಿಂದ ಭಜನೆಮನೆಗೆ ಬೀಗ.

ಎರಡು ಪಕ್ಷದವರೂ ಇದನ್ನು ಓದುತ್ತಾರೆಂದು ಬಲ್ಲೆ. ಅಳಿಯಂದಿರು ಫೋನಿನಲ್ಲಿ ಓದಿ ಹೇಳುತ್ತಾರೆ. ಹಿರಿಯರಲ್ಲಿ ನನ್ನ ಒಂದು ಪ್ರಶ್ನೆ. ನೀವು ಕಾಪಾಡುತ್ತಿರುವ ಹಾರ್ಮೋನಿಯಂ ಎಲ್ಲಿಯದು? ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಬಂದದ್ದು. ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ದೂರವಿಟ್ಟಿತ್ತು. ಹುಡುಗರಿಗೂ ಒಂದು ಮಾತು. ಆ ಗಡ್ಡದವರು ತಮ್ಮ ವಿದ್ಯುತ್ ಗಿಟಾರು ಹೊತ್ತು ಮೇಬೆಲ್ ಅವರೆದುರು ಹೋಗಲಿಲ್ಲ. ಅವರ ವಾದ್ಯ, ಅವರ ಹಾಡು, ಅವರ ಶ್ರುತಿ. ಇವರು ಪಕ್ಕದಲ್ಲಿ ಕುಳಿತು ಹಿಂಬಾಲಿಸಿದರು. ಪದವೇ ಬಾಯಿಗೆ ಬಾರದ ಮೊದಲು ಕೀಬೋರ್ಡಿಗೇನು ಅವಸರ? ಒಂದು ವರ್ಷ ತಾಳ ಹಿಡಿಯಿರಿ. ಇದು ಹಿರಿಯರಿಗೂ ಹುಡುಗರಿಗೂ ಪೂರ್ತಿ ಹಿಡಿಸುವ ಮಾತಲ್ಲವೆಂದು ನನಗೆ ಗೊತ್ತು.

ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು ಕೊನೆಯ ಹೊತ್ತಿಗೆ ಬರುತ್ತದೆ. 1907ರ ಒಂದು ಚರ್ಚ್ ಗೀತೆಯನ್ನು ಎ.ಪಿ. ಕಾರ್ಟರ್ ಮಾರ್ಪಡಿಸಿದ್ದು ಅದು. ಕಾರ್ಟರ್ ಕುಟುಂಬ 1935ರಲ್ಲಿ ಮುದ್ರಿಸಿತ್ತು. ತಾಯಿಯ ಶವವನ್ನು ಒಯ್ಯುವ ಬಂಡಿಯವನಿಗೆ, ಸ್ವಲ್ಪ ನಿಧಾನವಾಗಿ ಹೋಗಪ್ಪಾ ಎಂದು ಮಗು ಬೇಡಿಕೊಳ್ಳುತ್ತದೆ. ಒಂದು ನುಡಿಯನ್ನು ಮೇಬೆಲ್, ಒಂದನ್ನು ಜಿಮ್ಮಿ ಮಾರ್ಟಿನ್, ಒಂದನ್ನು ಏಕಫ್ ಹಾಡುತ್ತಾರೆ. ಪಲ್ಲವಿಗೆ ಕೋಣೆಯಲ್ಲಿದ್ದವರೆಲ್ಲ ದನಿಗೂಡಿಸುತ್ತಾರೆ. ಲಯ ಚುರುಕಾಗಿದೆ, ಹೆಜ್ಜೆ ಹಾಕುವಂತಿದೆ. ಅಣ್ಣಯ್ಯನೂ ಹೆಣದ ಮುಂದೆ ವಿಳಂಬದಲ್ಲಿ ಹಾಡಿದವನಲ್ಲ. ಹೊತ್ತವರ ಹೆಗಲಿಗೆ ತಾಳ ಬೇಕು ಎನ್ನುತ್ತಿದ್ದ.

ಹಿರಿಯರೆಲ್ಲ ಹಾಡಿ ಮುಗಿಸಿದ ಮೇಲೆ ಇನ್ನೊಂದು ತುಣುಕಿದೆ. ಸ್ಕ್ರಗ್ಸ್ ಅವರ ಮಗ ರ‍್ಯಾಂಡಿ, ಹದಿನೆಂಟರ ಆಸುಪಾಸಿನ ಹುಡುಗ, ಒಬ್ಬನೇ ಗಿಟಾರು ಹಿಡಿದು ಕೆನಡಾದ ಜೋನಿ ಮಿಚೆಲ್ ಅವರ 'ಬೋತ್ ಸೈಡ್ಸ್ ನೌ' ನುಡಿಸುತ್ತಾನೆ. ಆಗಿನ ಕಾಲಕ್ಕೆ ಹೊಸ ಹಾಡು, ಬೆಟ್ಟದ ಹಾಡೇ ಅಲ್ಲ. ಮೂರು ತಟ್ಟೆಗಳ ಕೊನೆಯ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟಿದ್ದಾರೆ.

ಬರುವ ಶನಿವಾರ ಸಂಜೆ ಆರಕ್ಕೆ ನಮ್ಮ ಮನೆಯ ಪಡಸಾಲೆಯಲ್ಲಿ ಈ ಸಿ.ಡಿ. ಹಾಕುತ್ತೇನೆ. ಎರಡು ಪಕ್ಷದವರೂ ಬರಬೇಕು. ಕಾಫಿ ಮತ್ತು ಚಕ್ಕುಲಿ ಉಂಟು. ಭಜನೆಮನೆಯ ಬೀಗದ ಕೈ ಯಾರ ಬಳಿ ಇದೆಯೋ ಅವರು ಅದನ್ನು ಮರೆಯದೆ ತರತಕ್ಕದ್ದು.